ಆಷಾಢಕ್ಕೆ ಹೋದ ಪಿಚರ್

ಕಿಲ್ಬರ್ನ್, ಅಡಿಲೇಡ್
13 ಜುಲೈ 2025, ಭಾನುವಾರ ಮಧ್ಯಾಹ್ನ

ಚಿರಂಜೀವಿ ಕುಶಾಲನಿಗೆ ಗೌತಮಿ ಅಕ್ಕನ ಆಶೀರ್ವಾದಗಳು.

ಅಪ್ಪ ಬರೆಯುತ್ತಿದ್ದ ಹಾಗೆ ‘ಉಭಯ ಕುಶಲೋಪರಿ’ ಎಂದು ಶುರುಮಾಡೋಣ ಅಂದುಕೊಂಡೆ. ಮನೆಯಲ್ಲಿ ಕುಶಾಲನೇ ಇಲ್ಲದಿರುವಾಗ ಉಭಯ ಕುಶಲ ಎಲ್ಲಿಂದ ತರಲಿ? ಅರ್ಧ ಕುಶಲ ಎಂದಿಟ್ಟುಕೋ. ನಿನ್ನ ಮೊಣಕೈ ಹೇಗಿದೆ? ಮೊದಲು ಅದನ್ನು ಹೇಳು, ಊಟ ತಿಂಡಿಯ ಸಮಾಚಾರ ಆಮೇಲೆ. ಬೆಳಗ್ಗೆ ಹಾಲಿನ ಕ್ಯಾನ್ ಎತ್ತುವಾಗ ಇನ್ನೂ ಚುಳ್ ಎನ್ನುತ್ತದೆಯೋ ಹೇಗೆ? ಐಸ್ ಇಡುವಾಗ ಟವೆಲ್ ಸುತ್ತಿಕೋ, ಮೈಸೂರಿನ ಮೀನು ಮಾರ್ಕೆಟ್ಟಿನ ಹಾಗೆ ನೇರವಾಗಿ ಹೇರಿಕೊಳ್ಳಬೇಡ. ಪರ್ತ್‌ನಲ್ಲಿ ಚಳಿ ಇಲ್ಲಿಗಿಂತ ವಾಸಿಯಂತೆ. ನಮ್ಮ ಮನೆಯಲ್ಲಿ ಹೀಟರ್ ಹಾಕಿದರೆ ಬಿಲ್ಲಿಗೆ ಜ್ವರ, ಹಾಕದಿದ್ದರೆ ನಮಗೆ. ನಾನು ಚೆನ್ನಾಗಿದ್ದೇನೆ. ವೃದ್ಧಾಶ್ರಮದ ಕೆಲಸ ನಡೆಯುತ್ತಿದೆ. ಅಲ್ಲಿನ ಅಜ್ಜಂದಿರು ನನ್ನ ಜೋಕಿಗೆ ನಗುತ್ತಾರೆ, ಕಿವಿ ಕೇಳಿಸದವರು ಸ್ವಲ್ಪ ಹೆಚ್ಚೇ ನಗುತ್ತಾರೆ. ಅಮ್ಮನಿಗೆ ಈಚೆಗೆ ಸ್ವಲ್ಪ ಸುಸ್ತು. ಆ ವಾಕ್ಯ ಹಾಗೇ ಇರಲಿ, ಮುಂದೆ ಹೋಗೋಣ.

ಮೆಸೇಜ್ ಬಿಟ್ಟು ಈ ಕಾಲದಲ್ಲಿ ಕಾಗದವೇಕೆ ಎಂದು ಹುಬ್ಬು ಹಾರಿಸುತ್ತಿದ್ದೀಯ, ಗೊತ್ತು. ನೀನು ನಮ್ಮ ಬೇಸ್‌ಬಾಲ್ ಕ್ಲಬ್ಬಿನ ವಾಟ್ಸ್ಯಾಪ್ ಗುಂಪಿನಿಂದ ಎದ್ದುಹೋದೆ. ಚಾಮರಾಜ ಅಂಕಲ್ ಫೋನ್ ಮಾಡಿದರೆ ಎತ್ತುವುದಿಲ್ಲ. ಅಪ್ಪನ ಜೊತೆ ಹೆಗಲು ಕೊಟ್ಟು ಕ್ಲಬ್ ಕಟ್ಟಿದ ಮನುಷ್ಯ. ಬಸ್ಸು ಓಡಿಸುವುದರಿಂದ ನಿವೃತ್ತರಾದ ಮೇಲೆ ನಮ್ಮನ್ನೆಲ್ಲ ಓಡಿಸುತ್ತಿರುವ ಅಧ್ಯಕ್ಷರು. ಅವರು ಇವತ್ತು ಬೆಳಗ್ಗೆ ತಗಡಿನ ಕ್ಲಬ್‌ಹೌಸಿನಲ್ಲಿ ಸಭೆ ಕರೆದರು. ಅಕ್ಕನ ಕೈಬರಹದಲ್ಲಿ ಕನ್ನಡದ ಕಾಗದ ಹೋದರೆ ಹುಡುಗ ಕರಗುತ್ತಾನೆ ಎಂದು ತೀರ್ಮಾನವಾಯಿತು. ಬರೆಯುವ ಜವಾಬ್ದಾರಿ ಎಂ.ಎ. ಕನ್ನಡ ಮಾಡಿದವಳಿಗೆ. ಈ ದೇಶಕ್ಕೆ ಬಂದ ಮೇಲೆ ನನ್ನ ಡಿಗ್ರಿಗೆ ಸಿಕ್ಕ ಮೊದಲ ಉದ್ಯೋಗ ಇದೇ ಕಣೋ, ಅದೂ ಬಿಟ್ಟಿ. ಬರೆದದ್ದನ್ನು ಅಂಕಲ್ ಒಮ್ಮೆ ಓದಿ, ಬೇಕಾದ ಕಡೆ ತಿದ್ದಿಸಿ, ಕವರನ್ನು ತಾವೇ ಅಂಟಿಸಿ ಕೊಡುತ್ತಾರಂತೆ. ಆದ್ದರಿಂದಲೇ ಅಕ್ಷರ ಇಷ್ಟು ದುಂಡಗಿದೆ. ಅಂಕಲ್, ಇಲ್ಲಿಯವರೆಗೆ ತಲುಪಿದ್ದರೆ ನಿಮಗೆ ನಮಸ್ಕಾರ. ಕನ್ನಡಕ ಒರೆಸಿಕೊಂಡು ಮುಂದಕ್ಕೆ ದಯಮಾಡಿಸಿ.

ವಿಷಯ ಇಷ್ಟು. ಈ ತಿಂಗಳ ಮೂವತ್ತೊಂದರೊಳಗೆ ನಾವು ಲೀಗಿಗೆ ತಂಡದ ಹೆಸರು ಕೊಡಬೇಕು. ಒಂಬತ್ತು ಜನರಿರಬೇಕು, ಅವರಲ್ಲೊಬ್ಬ ಪಿಚರ್ ಆಗಿರಲೇಬೇಕು. ಚೆಂಡು ಎಸೆಯುವವನೇ ಇಲ್ಲದ ಮೇಲೆ ಆಟವೆಲ್ಲಿ ಶುರುವಾದೀತು? ಎಂಟು ಜನ ಸಿಕ್ಕಿದ್ದಾರೆ, ಪಿಚರ್ ಸಿಕ್ಕಿಲ್ಲ. ಕೊಡದಿದ್ದರೆ ನಮ್ಮ ಜಾಗ ಬ್ರಿಸ್ಬೇನ್‌ನಲ್ಲಿ ಬಾಯಿ ತೆರೆದುಕೊಂಡು ಕಾಯುತ್ತಿರುವ ಹೊಸ ಕ್ಲಬ್ಬಿಗೆ ಹೋಗುತ್ತದೆ. ಅಲ್ಲಿಗೆ ಕಿಲ್ಬರ್ನ್ ಗಲಾಸ್ ಮುಗಿಯಿತು. ಆ ಗುಲಾಬಿ ಎದೆಯ ಗಲಾ ಹಕ್ಕಿಗಳ ಹೆಸರನ್ನು ಅಪ್ಪ ಆರಿಸಿದ ದಿನವೇ ನಾನು ಹೇಳಿದ್ದೆ, ಇದು ಗಲಾಗಳ ತಂಡವಲ್ಲ, ಗಲಾಟೆಗಳ ತಂಡ ಎಂದು. ಈಗ ಮೈದಾನದಲ್ಲಿ ಗಲಾಟೆಯೂ ಇಲ್ಲ. ಹಕ್ಕಿಗಳು ಮಾತ್ರ ಬಂದು ಹುಲ್ಲಿನ ಬೀಜ ಆರಿಸಿಕೊಂಡು ಹೋಗುತ್ತವೆ. ಜಾಗವನ್ನು ನಾಯಿಗಳ ಆಟದ ಪಾರ್ಕ್ ಮಾಡುತ್ತಾರೆಂದು ಸುದ್ದಿ. ಬೇಸರವೇನಿಲ್ಲ, ನಾಯಿಗಳು ಚೆಂಡು ಹಿಡಿದು ವಾಪಸ್ ತಂದಾದರೂ ಕೊಡುತ್ತವೆ, ನಮ್ಮ ಔಟ್‌ಫೀಲ್ಡಿನವರಿಗೆ ಅದೂ ಬರುತ್ತಿರಲಿಲ್ಲ.

ಆಫ್ ಸೀಸನ್ ಎಂದರೆ ಏನು ಎಂದು ಮೈಸೂರಿನ ಅತ್ತೆ ಫೋನಿನಲ್ಲಿ ಕೇಳಿದರು. ಬೇಸ್‌ಬಾಲ್‌ಗೆ ಅದು ಆಷಾಢ ಮಾಸ ಅತ್ತೆ, ಆಟವಿಲ್ಲ, ಶುಭಕಾರ್ಯವಿಲ್ಲ, ಇದ್ದವರು ಗಂಟು ಕಟ್ಟಿಕೊಂಡು ಹೊರಡುವ ಕಾಲ ಎಂದೆ. ಅವರಿಗೆ ತಕ್ಷಣ ಅರ್ಥವಾಯಿತು. ಆಮೇಲೆ ಯೋಚಿಸಿದರೆ ನಾನು ಕೊಟ್ಟ ಉಪಮೆ ಕುಂಟು. ಆಷಾಢಕ್ಕೆ ತವರಿಗೆ ಹೋದ ಸೊಸೆ ಶ್ರಾವಣಕ್ಕೆ ಬಂದೇ ಬರುತ್ತಾಳೆ. ಕರೆತರಲು ಗಂಡ ಹಣ್ಣು ಹೂವು ಹಿಡಿದುಕೊಂಡು ಹೋಗುತ್ತಾನೆ. ಆಫ್ ಸೀಸನ್‌ನಲ್ಲಿ ಹೋದವರು ಬರುವುದಿಲ್ಲ. ವರುಣ್ ಬ್ರಿಸ್ಬೇನಿಗೆ ಹೋದ. ಅಲ್ಲಿನ ಕ್ಲಬ್ಬಿನ ಪ್ರಾಯೋಜಕರ ಟೈಲ್ಸ್ ಅಂಗಡಿಯಲ್ಲಿ ಕೆಲಸ, ಇರಲು ಬಾಡಿಗೆ ಮನೆ, ಓಡಾಡಲು, ಸಾಮಾನು ಹೇರಲು ಯೂಟ್ ಗಾಡಿ. ಎರಡನೇ ಬೇಸಿನ ಪಕ್ಕದಲ್ಲಿ ಅವನು ನಿಂತು ನಿಂತು ಹುಲ್ಲು ಬೋಳಾಗಿದ್ದ ಜಾಗದಲ್ಲಿ ಈಗ ಮತ್ತೆ ಹುಲ್ಲು ಬಂದಿದೆ. ಆಮೇಲೆ ನೀನು. ನಿಮ್ಮ ಮೂವರಲ್ಲಿ ಉಳಿದವನು ಕ್ಯಾಚರ್ ಸಂಕೇತ್. ನಿನ್ನ ಚೆಂಡು ಹಿಡಿಯಲು ಮೂರು ಸೀಸನ್ ಮಂಡಿಯೂರಿ ಕೂತವನು. ಮೊನ್ನೆ ಅಭ್ಯಾಸಕ್ಕೆಂದು ಬಂದು, ಗ್ಲೌಸ್ ಹಾಕಿಕೊಂಡು, ಅಭ್ಯಾಸಬಲದಿಂದ ತನ್ನ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಎದುರಿಗೆ ಯಾರೂ ಇಲ್ಲ. ಪಿಚರ್ ಇಲ್ಲದ ಕ್ಯಾಚರ್ ಹೇಗೆ ಕಾಣುತ್ತಾನೆ ಗೊತ್ತೇನೋ? ದೇವಸ್ಥಾನದ ಮೆಟ್ಟಿಲ ಮೇಲೆ ಕೈಚಾಚಿ ಕೂತವನ ಹಾಗೆ. ನಾನು ಅದನ್ನೇ ಅಂದೆ. ಸಾಮಾನ್ಯವಾಗಿ ನಗುವ ಹುಡುಗ, ನಗಲಿಲ್ಲ. ನಾನೂ ಬೇರೆ ಕಡೆ ನೋಡಿದೆ.

ನಿನ್ನನ್ನು ಕರೆದೊಯ್ದ ಪರ್ತ್‌ನ ವೆಲ್ಷ್‌ಪೂಲ್ ಐರನ್ಸ್ ಕ್ಲಬ್ಬಿನ ಬಗ್ಗೆ ನಾನು ಕೆಟ್ಟದ್ದು ಬರೆಯುವುದಿಲ್ಲ. ಬರೆಯಬೇಕೆಂದು ಸಭೆಯ ಅಪೇಕ್ಷೆ, ಆದರೂ ಬರೆಯುವುದಿಲ್ಲ. ಗಣಿ ಯಂತ್ರ ಮಾರುವವರ ದುಡ್ಡು, ಅವರು ಖರ್ಚು ಮಾಡುತ್ತಾರೆ. ನನ್ನ ಹೊಟ್ಟೆಯುರಿ ಬೇರೆ. ಒಂದೇ ಲೀಗ್, ಒಂದೇ ನಿಯಮಪುಸ್ತಕ, ಒಂದೇ ಅಳತೆಯ ಮೈದಾನ. ಅಲ್ಲಿ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಉಗುಳುವ ನಾಲ್ಕನೆಯ ಪಿಚರನ ಸಂಬಳದಲ್ಲಿ ನಮ್ಮ ಇಡೀ ತಂಡ ಒಂದು ವರ್ಷ ಆಡಬಹುದು. ನಮ್ಮ ಕಡೆಯ ಸಂಬಳವೆಂದರೆ ಪಂದ್ಯ ಮುಗಿದ ಮೇಲೆ ಅಮ್ಮ ಕರಿಯುವ ಈರುಳ್ಳಿ ಬಜ್ಜಿ. ಗೆದ್ದರೆ ನಾಲ್ಕು, ಸೋತರೆ ಸಮಾಧಾನಕ್ಕೆ ಐದು. ಹೀಗಾಗಿ ತಂಡಕ್ಕೆ ಗೆಲ್ಲುವ ಆಸೆಯೇ ಹೋಯಿತು ಎಂದು ನಾನು ಕಳೆದ ವರ್ಷವೇ ವರದಿ ಸಲ್ಲಿಸಿದ್ದೆ. ಲೀಗಿನ ಸಭೆಯಲ್ಲಿ ಅಂಕಲ್ ಎದ್ದುನಿಂತು ಈ ಅಸಮಾನತೆಯ ಬಗ್ಗೆ ಕೇಳಿದರಂತೆ. ಅಧಿಕಾರಿ ತುಂಬಾ ವಿನಯದಿಂದ, ಎಲ್ಲ ತಂಡಗಳಿಗೂ ಔಟಾಗಲು ಮೂರು ಸ್ಟ್ರೈಕುಗಳೇ ಅಲ್ಲವೇ, ಮತ್ತೇನು ಸಮಾನತೆ ಬೇಕು ಎಂದನಂತೆ. ಹೋದ ವರ್ಷ ಸ್ಯಾಲರಿ ಕ್ಯಾಪ್ ತರುತ್ತೇವೆ, ಯಾವ ಕ್ಲಬ್ಬೂ ಇಷ್ಟಕ್ಕಿಂತ ಹೆಚ್ಚು ಸಂಬಳ ಕೊಡುವ ಹಾಗಿಲ್ಲ ಎಂದು ಘೋಷಿಸಿದರು. ಕೆಲಸ, ಮನೆ, ಗಾಡಿ, ಕಾಲೇಜು ಫೀಸು ಇವೆಲ್ಲ ಸಂಬಳವಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಕ್ಯಾಪ್ ಎಂದರೆ ಟೋಪಿಯೇ ಅಲ್ಲವೇ. ಅವರು ತಂದರು, ನಮಗೆ ಹಾಕಿದರು.

ನಿನ್ನನ್ನು ಈ ಆಟಕ್ಕೆ ತಂದ ದಿನದ ಬಗ್ಗೆ ಬರೆ, ಅದು ಹೃದಯಕ್ಕೆ ತಾಗುತ್ತದೆ ಎಂದು ಅಂಕಲ್ ಹೇಳಿದ್ದಾರೆ. ಬರೆಯುತ್ತೇನೆ. ನೀನು ಮೈಸೂರಿನಲ್ಲಿ ಐದನೇ ಕ್ಲಾಸು ಮುಗಿಸಿ ಬಂದಿದ್ದೆ. ಶಾಲೆಯ ಕ್ರಿಕೆಟ್‌ನಲ್ಲಿ ಬೌಲಿಂಗ್ ಮಾಡಿದರೆ ಅಂಪೈರ್ ಒಂದರ ಹಿಂದೊಂದು ನೋಬಾಲ್ ಕೊಟ್ಟ. ಕೈ ಬಗ್ಗಿಸಿ ಎಸೆಯುತ್ತಾನೆ, ಇದು ಮೋಸ ಎಂದು ಮಕ್ಕಳೆದುರಿಗೇ ಹೇಳಿದ. ನೀನು ಮನೆಗೆ ಬಂದು ಬ್ಯಾಗಿನ ಸಮೇತ ಮಂಚದ ಕೆಳಗೆ ಮಲಗಿಬಿಟ್ಟೆ. ಅಪ್ಪ ಗೋದಾಮಿನ ಕೆಲಸದಿಂದ ಬಂದವರು ಬೂಟು ಕೂಡ ಬಿಚ್ಚದೆ ನಿನ್ನನ್ನು ಎಳೆದುಕೊಂಡು ಹಿಂದಿನ ಬೀದಿಯ ಮೈದಾನಕ್ಕೆ ಹೋದರು. ಅಲ್ಲಿ ಯಾರೋ ನಾಲ್ಕು ಜನ ಬೇಸ್‌ಬಾಲ್ ಆಡುತ್ತಿದ್ದರು. “ನೋಡು ಮಗಾ, ಅಲ್ಲಿ ಯಾವುದು ತಪ್ಪೋ ಇಲ್ಲಿ ಅದೇ ಕಸುಬು” ಅಂದರು. ಕಲ್ಲು ಓದುವ ವಿದ್ಯೆ ಕಲಿತು, ಗಣಿಯ ಕೆಲಸಕ್ಕೆಂದು ಒಮ್ಮೆ ಪರ್ತ್‌ವರೆಗೆ ಹೋಗಿ, ಅದನ್ನು ಅರ್ಧಕ್ಕೆ ಬಿಟ್ಟು, ಕಡೆಗೆ ಕಿಲ್ಬರ್ನಿನಲ್ಲಿ ಪೆಟ್ಟಿಗೆ ಜೋಡಿಸಿದ ಮನುಷ್ಯ. ಯಾವ ಕೈಗೆ ಯಾವ ಜಾಗ ಸರಿ ಎಂಬುದು ಅವರಿಗೆ ಗೊತ್ತಿತ್ತು, ತಮ್ಮದೊಂದನ್ನು ಬಿಟ್ಟು. ಆ ವಾರವೇ ಚಾಮರಾಜ ಅಂಕಲ್ ಸುಣ್ಣದ ಡಬ್ಬ ಹಿಡಿದು ಗೆರೆ ಎಳೆದರು. ಮೊದಲ ಬೇಸಿನ ಗೆರೆ ಅಂದಿನಿಂದಲೂ ಸೊಟ್ಟ. ಬಸ್ಸಿನವರು ಅಡ್ಡ ಬಂದವರನ್ನು ತಪ್ಪಿಸಿ ಎಳೆದಿರಬೇಕು. ಅಮ್ಮ ಮೈಸೂರಿಗೆ ಫೋನ್ ಮಾಡಿ, ನಮ್ಮ ಹುಡುಗ ಪಿಚ್ಚರ್ ಆಗಿದ್ದಾನೆ ಎಂದಳು. ಎರಡು ವರ್ಷ ನೆಂಟರೆಲ್ಲ ನಿನ್ನ ಪಿಚ್ಚರ್ ಯಾವ ಥಿಯೇಟರಿಗೆ ಬರುತ್ತದೆ ಎಂದು ಕಾಯ್ದರು.

ಅಪ್ಪ ಹೋದ ಮೇಲೂ ನೀನು ಎಸೆಯುತ್ತಲೇ ಇದ್ದೆ. ಕಳೆದ ಸೀಸನ್ನಿನ ಕೊನೆಯ ಪಂದ್ಯದಲ್ಲಿ ಇದೇ ವೆಲ್ಷ್‌ಪೂಲ್‌ನವರ ಎದುರು, ಬದಲಿ ಪಿಚರ್ ಇಲ್ಲವೆಂದು ಒಂಬತ್ತು ಇನ್ನಿಂಗ್ಸೂ ನೀನೊಬ್ಬನೇ ಎಸೆದೆ. ಅವರ ಕಡೆ ನಾಲ್ಕು ಜನ ಸರದಿಯ ಮೇಲೆ ಬಂದರು, ತಾಜಾ ತರಕಾರಿ ಬಂದ ಹಾಗೆ. ನಾವು ಒಂದೇ ಓಟದಿಂದ ಸೋತೆವು. ನೀನು ಬಲಗೈಯಲ್ಲಿ ಬಜ್ಜಿ ಎತ್ತಲಾರದೆ ಎಡಗೈಯಲ್ಲಿ ತಿಂದೆ. ಅಮ್ಮ ಎಡಗೈಯಲ್ಲಿ ತಿನ್ನಬಾರದು ಎಂದು ಬೈದಳು. ಅಂಕಲ್ ಅದನ್ನು ಕಿಲ್ಬರ್ನಿನ ಶೌರ್ಯ ಎಂದು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಅದೇ ಸಂಜೆ ಕಾರ್ ಪಾರ್ಕಿನಲ್ಲಿ ವೆಲ್ಷ್‌ಪೂಲ್‌ನವನು ನಿನ್ನ ಹತ್ತಿರ ಬಂದು ಕಾರ್ಡು ಕೊಟ್ಟ. ಮೊದಲು ಕೇಳಿದ್ದು ನಿನ್ನ ಮೊಣಕೈಯನ್ನು, ಆಮೇಲೆ ಹೆಸರನ್ನು.

ಈಗ ಸಭೆಯ ಕೋರಿಕೆ. ನಿನ್ನ ಒಪ್ಪಂದದಲ್ಲಿ, ತಿಂಗಳು ಮುಗಿಯುವುದರೊಳಗೆ ನೀನಾಗಿ ಬೇಡವೆಂದರೆ ವೆಲ್ಷ್‌ಪೂಲ್‌ನವರು ನಿನ್ನನ್ನು ಬಿಟ್ಟುಕೊಡಬೇಕು ಎಂಬ ಷರತ್ತಿದೆಯಂತೆ. ನೀನು ಬೇಡವೆನ್ನಬೇಕು, ಮನೆಗೆ ಬರಬೇಕು. ಸಂಬಳ ಕೊಡಲು ನಮ್ಮಿಂದಾಗದು. ಅಂಕಲ್ ತಮ್ಮ ಹಳೇ ಕಾರು ಕೊಡುತ್ತಾರಂತೆ. ಅದನ್ನು ತಳ್ಳುವುದು ನಿನ್ನ ವ್ಯಾಯಾಮಕ್ಕೂ ಆಯಿತು. ಪರ್ತ್‌ನ ಜೂಂಡಲಪ್‌ನಲ್ಲಿ ವೆಲ್ಷ್‌ಪೂಲ್‌ನವರು ನಿನಗೆ ಫೀಸು ಕಟ್ಟಿ ಸೇರಿಸಿರುವ ನರ್ಸಿಂಗ್ ಕೋರ್ಸಿನಂಥದ್ದು ಇಲ್ಲೂ ಎಲ್ಲಾದರೂ ಸಿಕ್ಕೀತು ಎಂದು ಸಭೆ ಅಭಿಪ್ರಾಯಪಟ್ಟಿದೆ. ಫೀಸು ಯಾರು ಕಟ್ಟುತ್ತಾರೆಂಬ ಬಗ್ಗೆ ಸಭೆ ಅಭಿಪ್ರಾಯಪಡಲಿಲ್ಲ. ಅಂಕಲ್ ಹೇಳಿದ ಒಂದು ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆಯಲು ಅಪ್ಪಣೆಯಾಗಿದೆ: “ಈ ಆಟದಲ್ಲಿ ಎಷ್ಟು ದೂರ ಓಡಿದ್ರೂ ಲೆಕ್ಕಕ್ಕಿಲ್ಲಮ್ಮಾ. ಹೊರಟ ಮನೇಗೇ ವಾಪಸ್ ಬಂದ್ರೆ ಮಾತ್ರ ಒಂದು ರನ್ನು. ಅದನ್ನ ಅವನಿಗೆ ಬರಿ.” ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅದರ ಮೇಲೆ ತಮಾಷೆ ಮಾಡಲಿಲ್ಲ. ಆ ತಗಡಿನ ಶೆಡ್ಡು ಬಿಟ್ಟರೆ ಅವರಿಗೂ ಈ ಊರಿನಲ್ಲಿ ಬೇರೆ ಹೋಗುವ ಜಾಗವಿಲ್ಲ, ಕುಶಾ. ಆಂಟಿ ಹೋದ ಮೇಲೆ ಬೆಳಗ್ಗೆ ಎದ್ದು ಶೇವ್ ಮಾಡಿಕೊಳ್ಳಲು ಅದೊಂದೇ ಕಾರಣ ಅವರಿಗೆ.

ಸಮಯಕ್ಕೆ ಸರಿಯಾಗಿ ತಿನ್ನು. ಅವರು ಕೊಡಿಸಿದ ಗೋದಾಮಿನ ಕೆಲಸದಲ್ಲಿ ಭಾರ ಎತ್ತುವಾಗ ಎಡಗೈ ಮುಂದಿರಲಿ, ಬಲಗೈಯನ್ನು ಕೊಂಡವರು ಬೇರೆ ಇದ್ದಾರೆ. ಸಂಕೇತ್ ನಿನ್ನನ್ನು ಕೇಳಿದ ಎಂದು ತಿಳಿಸು ಅಂದ. ಚಾಮರಾಜ ಅಂಕಲ್ ಆಶೀರ್ವಾದ ತಿಳಿಸಿದ್ದಾರೆ. ಅಮ್ಮ ಹುಣಸೆ ತೊಕ್ಕು ಮಾಡಿದ್ದಾಳೆ. ಕಳಿಸುವುದಿಲ್ಲವಂತೆ, ಬಂದು ತಿನ್ನಬೇಕಂತೆ. ಗಣಪತಿ ನಿನ್ನ ಕೈಯನ್ನು ಕಾಪಾಡಲಿ, ಸೊಂಡಿಲಿರುವವನಿಗೆ ಕೈಯ ಬೆಲೆ ಗೊತ್ತಿರುತ್ತದೆ.

ಇತಿ,
ನಿನ್ನ ಅಕ್ಕ, ಇನ್ನೂ ಯಾವ ಕ್ಲಬ್ಬೂ ಕರೆಯದ ಫ್ರೀ ಏಜೆಂಟ್,
ಗೌತಮಿ

ತಾ.ಕ.: ಸೋಮವಾರ ಬೆಳಗ್ಗೆ. ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ, ದಾರ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಅಂಕಲ್ ಅಂಟಿಸಿಕೊಟ್ಟ ಕವರನ್ನು ಹರಿದು ಎಕ್ಸ್‌ಪ್ರೆಸ್ ಕವರು ಕೊಂಡೆ. ಬರುವ ಭಾನುವಾರಕ್ಕೆ ಮುಂಚೆ ಇದು ನಿನ್ನ ಕೈಸೇರಲೇಬೇಕು. ‘ಅಮ್ಮನಿಗೆ ಸ್ವಲ್ಪ ಸುಸ್ತು’ ಎಂದು ಮೇಲಿದೆಯಲ್ಲ, ಆ ಸಾಲು ನನ್ನದಲ್ಲ, ಬರೆಸಿದ್ದು. ಅಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ಮೊನ್ನೆ ನಾನೇ ಬಿ.ಪಿ. ನೋಡಿದೆ, ನಿನ್ನ ಯಾವ ಚೆಂಡಿಗಿಂತಲೂ ನೆಟ್ಟಗಿದೆ. ಭಾನುವಾರ ಅವಳು ನಿನಗೆ ಫೋನ್ ಮಾಡಿ ಹುಷಾರಿಲ್ಲ ಎನ್ನುತ್ತಾಳೆ. ಸಭೆಯಲ್ಲಿ ತೀರ್ಮಾನವಾದದ್ದು ಕಾಗದ ಒಂದೇ ಅಲ್ಲ. ಕಾಗದ ಹುಡುಗನನ್ನು ಮೆತ್ತಗೆ ಮಾಡಲಿ, ಆಮೇಲೆ ಫೋನ್ ಎಂದು ಮಾತಾಯಿತು. “ಹಾರ್ಟು ಅನ್ನೋದು ಬೇಡ, ಅಪಶಕುನ. ಬಿ.ಪಿ. ಸಾಕು” ಅಂದರು ಅಂಕಲ್. ಅಮ್ಮ ಸೆರಗಿನ ಅಂಚು ತಿರುವುತ್ತಾ, “ಅವನು ಬರೋದಾದ್ರೆ ಅಂತೀನಿ ಬಿಡಿ” ಅಂದಳು. ಸಂಜೆ ಚಪಾತಿ ಲಟ್ಟಿಸುತ್ತಾ ಅಭ್ಯಾಸ ಮಾಡುತ್ತಿದ್ದಳು, ಏನಿಲ್ಲ ಕಂದಾ, ಸ್ವಲ್ಪ ತಲೆ ಸುತ್ತು, ಅಷ್ಟೇ ಎಂದು. ಎರಡನೇ ಸಲ ಹೇಳಿದ್ದು ಎಷ್ಟು ಚೆನ್ನಾಗಿತ್ತೆಂದರೆ ನಾನೇ ಎದ್ದು ಓಡಿದೆ. ಅವಳನ್ನು ಬಯ್ಯಬೇಡ. ನಿನ್ನ ತಟ್ಟೆಯನ್ನು ಇವತ್ತಿಗೂ ಮೇಜಿನ ಮೇಲಿಟ್ಟು, ಆಮೇಲೆ ನೆನಪಾಗಿ ಎತ್ತಿಡುತ್ತಾಳೆ.

ಅಪ್ಪನನ್ನು ಪರ್ತ್‌ನಿಂದ ಕರೆಸಿಕೊಂಡದ್ದೂ ಇಂಥದೇ ಫೋನು. ನಿನಗಾಗ ಮಾತೂ ಸರಿಯಾಗಿ ಬರುತ್ತಿರಲಿಲ್ಲ, ನಾನು ಹೈಸ್ಕೂಲು. ಅಜ್ಜಿ ಸೀರಿಯಸ್ ಎಂದು ದೊಡ್ಡಪ್ಪ ಹೇಳಿದರು. ಅಪ್ಪ ಗಣಿಯ ಕೆಲಸ ಬಿಟ್ಟು ಮೈಸೂರಿಗೆ ಓಡಿ ಬಂದಾಗ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ಅವರೆಕಾಳು ಹಿಚುಕುತ್ತಿದ್ದಳು. ಮುಂದೆ ಬಹಳ ವರ್ಷ ಬದುಕಿದಳು. ಅಪ್ಪ ಅದನ್ನು ಜೋಕ್ ಮಾಡಿ ಹೇಳುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು. ಜೋಕು ಮಾಡುವ ಚಾಳಿ ನನಗೆ ಬಂದದ್ದು ಅವರಿಂದಲೇ, ಅದು ಯಾತಕ್ಕೆ ಬೇಕಾಗುತ್ತದೆ ಎಂಬುದೂ ಗೊತ್ತು. ಅವರಿಗೆ ಮತ್ತೆ ಗಣಿಯ ಕೆಲಸ ಸಿಗಲಿಲ್ಲ. ವೃದ್ಧಾಶ್ರಮದಲ್ಲಿ ದಿನಾ ನೋಡುತ್ತೇನೆ: ಸುಳ್ಳು ಹೇಳಿ ಕರೆಸಿಕೊಂಡ ಮಗ ಬರುತ್ತಾನೆ, ಕುರ್ಚಿಯಲ್ಲಿ ಕೂರುತ್ತಾನೆ, ಗಡಿಯಾರ ನೋಡುತ್ತಾನೆ.

ಆದ್ದರಿಂದ ನೀನು ಬರಬೇಡ. ವೆಲ್ಷ್‌ಪೂಲ್‌ನವರು ದೇವರಲ್ಲ. ನಿನ್ನ ಮೊಣಕೈ ಕೈಕೊಟ್ಟ ದಿನ ಅವರೂ ಕೈಕೊಟ್ಟು, ಮುಂದಿನ ಆಷಾಢದಲ್ಲಿ ಇನ್ನೊಬ್ಬನನ್ನು ಕೊಳ್ಳುತ್ತಾರೆ. ಅಷ್ಟರೊಳಗೆ ಜೂಂಡಲಪ್‌ನ ಓದು ಎಷ್ಟು ಮುಗಿಯುತ್ತದೋ ಅಷ್ಟು ಮುಗಿಸಿಕೋ, ಅದನ್ನು ಯಾರೂ ವಾಪಸ್ ಕೇಳುವಂತಿಲ್ಲ. ಅಂಕಲ್ ಹೇಳಿದ ಮಾತು ಓಡುವವರಿಗೆ ಸರಿ. ಪಿಚರನ ಕೆಲಸ ಮನೆಗೆ ಬರುವುದಲ್ಲ, ಚೆಂಡು ಎಸೆಯುವ ದಿಬ್ಬದ ಮೇಲೆ ನಿಂತುಕೊಳ್ಳುವುದು. ಮೂವತ್ತೊಂದಕ್ಕೆ ನಾವು ಹೆಸರು ಕೊಡುವುದಿಲ್ಲ. ಕ್ಲಬ್ ಮುಚ್ಚುತ್ತದೆ. ಶೆಡ್ಡಿನ ಬೀಗದ ಕೈ ಒಪ್ಪಿಸಲು ಅಂಕಲ್ ಜೊತೆ ನಾನೇ ಹೋಗುತ್ತೇನೆ, ಅವರನ್ನು ಒಬ್ಬರನ್ನೇ ಕಳಿಸುವುದಿಲ್ಲ. ಈ ತಾ.ಕ. ವಿಷಯ ಅವರಿಗೆ ಗೊತ್ತಾದರೆ ನನ್ನ ಮುಖ ನೋಡದಿರಬಹುದು, ಆಗಲಿ.

ಭಾನುವಾರ ಅಮ್ಮನ ಮಾತು ಪೂರ್ತಿ ಕೇಳು, ಮಧ್ಯದಲ್ಲಿ ನಗಬೇಡ, ಗೊತ್ತಿದೆ ಎನ್ನಬೇಡ. ಮಾತ್ರೆ ತೊಗೋ ಅಮ್ಮಾ ಅನ್ನು, ಟಿಕೆಟ್ ಮಾತ್ರ ಮಾಡಬೇಡ. ಹಾಗಾದರೆ ಮುಂದೆ ನಿಜವಾದಾಗ ಹೇಗೆ ನಂಬಲಿ ಎಂದು ಕೇಳುತ್ತೀಯ. ಹೇಳಿರುತ್ತೇನೆ: ಆ ದಿನ ನಾನು ಫೋನ್ ಮಾಡುತ್ತೇನೆ, ಒಂದೂ ತಮಾಷೆ ಮಾಡುವುದಿಲ್ಲ. ಆಗ ಬಂದುಬಿಡು.